ಕುದುರಿ ಹೊಟ್ಟಿ ಮ್ಯಾಲಿನ ಕೆಂಪು

ನಲವತ್ತು ವರ್ಷ ನನ್ನ ಗಂಡನ ಮನಿಯವರು ನನ್ನ ಕೈಗೆ ಒಂದು ಹೆಸರು ಇಟ್ಟಿದ್ರು. ಬಣ್ಣಾ ತೊಳದ ಕೈ. ಮಂದಿ ಮುಂದ ನಕ್ಕೊಂತ ಹೇಳತಿದ್ರು, ಅದಕ್ಕ ನಾನೂ ನಗಬೇಕಾಗತಿತ್ತು. ನಗೂದು ಎಷ್ಟು ತ್ರಾಸಿನ ಕೆಲಸ ಅನ್ನೂದು ಆ ಮನ್ಯಾಗ ಬಾಳೇವು ಮಾಡಿದಮ್ಯಾಲ ನನಗ ತಿಳೀತು. ಈಗ ಇದನ್ನ ಬರಿಯಾಕ ಕುಂತೀನಿ ಅಂದ್ರ ಮನಸ್ಸು ಹಗರ ಆಗಲಿ ಅಂತ ಅಲ್ಲ. ನನ್ನ ಸಿಟ್ಟು ಇನ್ನೂ ಇಳದಿಲ್ಲ. ಇಳಿಯೂದು ಬ್ಯಾಡ ಅಂತನೂ ಅನ್ನಸತೈತಿ.

ಎಲ್ಲಾದಕ್ಕೂ ಮೂಲ ಒಂದು ಚಿತ್ರ. ಪಾರಿಶ್ವಾಡದಾಗ ನಮ್ಮ ಮಾವನವರ ಮನಿ ಪಡಸಾಲಿ ಬಾಗಲದ ಮ್ಯಾಲ, ಕೈಗೆ ನಿಲುಕಲಾರದಷ್ಟು ಎತ್ತರಕ್ಕ, ಅದನ್ನ ತೂಗ ಹಾಕಿದ್ರು. ಎರಡು ಮೊಳ ಅಗಲ, ಸಾಗವಾನಿ ಚೌಕಟ್ಟು, ಮುಂದ ಗಾಜು. ಗಾಜಿನ ಕೆಳಗಿನ ಎಡಗಡಿ ಮೂಲಿ ಸೀಳಿತ್ತು. ಚಿತ್ರದಾಗ ದೊಡ್ಡ ಕಾಳಗ ನಡದಿತ್ತು. ಈ ಕಡಿ ಕೆಂಪು ಕೋಟಿನ ಗೋರಾ ಸಿಪಾಯಿಗಳು ಸಾಲಾಗಿ ನಿಂತು ಬಂದೂಕು ಹಿಡದಾರ, ಆ ಕಡಿ ಪಟಕಾ ಸುತಗೊಂಡ ಮಂದಿ ಡೊಂಕು ಕತ್ತಿ ಎತಗೊಂಡು ಓಡಿ ಬರಾಕ್ಹತ್ಯಾರ. ಬಲಗಡಿಗೆ ಬಿಳಿ ಕುದುರಿ ಮ್ಯಾಲ ಕೆಂಪು ಕೋಟಿನ ಒಬ್ಬ ಸಾಹೇಬ. ಕೆಳಗ ಸತ್ತವರು, ಮುರದ ತೋಫಿನ ಗಾಲಿ. ಹಿಂದ ಹೊಗಿ, ಹೊಗಿ ಹಿಂದ ಬೆಳ್ಳಗಿನ ಗುಡ್ಡ. ಮಾವನವರ ಅಜ್ಜ ಖಾನಾಪುರದ ಅಡವ್ಯಾಗ ಕಟಗಿ ಗುತ್ತಿಗಿ ಹಿಡೀತಿದ್ರಂತ. ಬೆಳಗಾವಿ ಕ್ಯಾಂಪಿನ್ಯಾಗ ಯಾರೋ ಸಾಹೇಬ ಬಂಗಲೆ ಖಾಲಿ ಮಾಡೂ ಮುಂದ ಲಿಲಾವಿನ್ಯಾಗ ನಾಕು ಕುರ್ಚಿ ಜೋಡಿ ಇದನ್ನೂ ಗಾಡಿಗೆ ಹೇರಕೊಂಡು ಬಂದ್ರಂತ. ಕುರ್ಚಿ ಹುಳಾ ತಿಂದು ಹ್ವಾದೂ, ಚಿತ್ರ ಉಳದಿತ್ತು.

ಮಾವನವರು ಮನಿಗೆ ಬಂದವರಿಗೆಲ್ಲಾ ಅದನ್ನ ಬಟ್ಟು ಮಾಡಿ ತೋರಿಸೂರು. "ಇದು ಕಿತ್ತೂರ ಕಾಳಗ. ಆ ಮೂಲ್ಯಾಗ ಕತ್ತಿ ಎತ್ಯಾನಲ್ಲ, ಅಂವ ನಮ್ಮ ಮುತ್ತ್ಯಾ." ನಾ ಹೊಸದಾಗಿ ಹ್ವಾದ ಸೊಸಿ. ನನಗ ಆ ಹಿಂದಿನ ಗುಡ್ಡದ ಮ್ಯಾಲ ಹಿಮ ಚಂದಂಗ ಕಾಣತಿತ್ತು. ಕಿತ್ತೂರಾಗ ಹಿಮ ಯಾವಾಗ ಬಿದ್ದಿತ್ತರೀ ಅಂತ ಕೇಳಬೇಕು ಅನ್ನಸತಿತ್ತು. ಕೇಳಿದ್ರ ಆ ಕಾಳಗ ಪಡಸಾಲಿಗೇ ಇಳೀತಿತ್ತು, ಅದಕ್ಕ ಸುಮ್ಮನಿದ್ದೆ.

ನನಗ ಚಿತ್ರದ್ದು ತಿಳೀತಿತ್ತು, ಅದನ್ನ ಹೇಳಬೇಕು. ಲಗ್ನಕ್ಕ ಮದಲ ಬೆಳಗಾವ್ಯಾಗ ಎರಡು ವರ್ಷ ಚಿತ್ರಕಲಾ ಡಿಪ್ಲೊಮಾ ಮಾಡಿದ್ದೆ. ನನ್ನ ನೋಡಾಕ ಬಂದಾಗ ನಮ್ಮಪ್ಪ ಉಪ್ಪಿಟ್ಟಿನ ತಾಟಿನ ಬಾಜುಕ ನಾ ತಗದ ಚಿತ್ರಾ ಹರವಿ ಇಟ್ಟಿದ್ದ. ಹುಡುಗ, ಅಂದ್ರ ಈಗಿನ ನನ್ನ ಗಂಡ, ಉಪ್ಪಿಟ್ಟು ಆರೂ ತನಕ ಅವನ್ನ ನೋಡಿದ್ದ. ಅದನ್ನ ನೋಡೇನ ನಾ ಹೂಂ ಅಂದಿದ್ದೆ.

ಆ ಡಿಪ್ಲೊಮಾದಾಗ ನಮ್ಮ ಮಾಸ್ತರು ಹಳೇ ಕಲ್ಲಚ್ಚಿನ ಚಿತ್ರದ ಬಗ್ಗೆ ಪಾಠಾ ಮಾಡಿದ್ರು. ನುಣ್ಣಗಿನ ಸುಣ್ಣದಕಲ್ಲಿನ ಮ್ಯಾಲ ಜಿಡ್ಡಿನ ಪೆನ್ಸಿಲ್ ಹಿಡದು ಚಿತ್ರಾ ಬರೀತಾರ. ಕಲ್ಲು ತೋಯಿಸಿ ಶಾಯಿ ಉಳ್ಳಿಸಿದ್ರ ಶಾಯಿ ಜಿಡ್ಡಿಗಷ್ಟ ಹತ್ತತೈತಿ, ನೀರಿದ್ದಲ್ಲಿ ಹತ್ತೂದಿಲ್ಲ. ಹಂಗ ಕಾಗದಕ್ಕ ಬರೂದು ಬರೇ ಕಪ್ಪು. ಬಣ್ಣಾ ಆಮ್ಯಾಲ ಕೈಲೆ ಹಚ್ಚಬೇಕು. ಹತ್ತೊಂಬತ್ತನೇ ಶತಮಾನದಾಗ ಎಲ್ಲಿ ಯುದ್ಧ ಆದ್ರೂ ವಿಲಾಯತಿ ಮಂದಿಗೆ ಅದರ ಚಿತ್ರಾ ಬೇಕಾಗತಿತ್ತಂತ. ಉದ್ದಾನ ಮೇಜಿನ ಮುಂದ ಹೆಂಗಸರನ್ನ, ಸಣ್ಣ ಹುಡಿಗ್ಯಾರನ್ನ ಸಾಲಾಗಿ ಕುಂದರಿಸಿ, ಒಬ್ಬಾಕಿ ಬರೇ ಕೋಟಿಗೆ ಕೆಂಪು, ಒಬ್ಬಾಕಿ ಬರೇ ಹುಲ್ಲಿಗೆ ಹಸರು, ಹಿಂಗ ಬಣ್ಣಾ ಬಳಿಸಿ ಕೈಯಿಂದ ಕೈಗೆ ದಾಟಸತಿದ್ರು. ಅದಕ್ಕ ಒಂದು ಪ್ರತಿ ಇದ್ದಂಗ ಇನ್ನೊಂದು ಇರೂದಿಲ್ಲ ಅಂತ ಮಾಸ್ತರು ಹೇಳಿದ್ದು ನನಗ ಬಾಯಿಪಾಠ ಇತ್ತು. ಇಷ್ಟು ಗೊತ್ತಿದ್ದೂ ನಾ ಮೋಸ ಹ್ವಾದೆ, ಅದಽ ನನಗ ಹೆಚ್ಚು ಸಿಟ್ಟು ಬರಸತೈತಿ.

ಖಂಡೇನವಮಿ ದಿವಸ ನಮ್ಮ ಕಡಿ ಮನ್ಯಾಗಿನ ಆಯುಧ ಎಲ್ಲಾ ತೊಳದು ಪೂಜಿ ಮಾಡತಾರ. ಕುಡಗೋಲು, ಕೊಡ್ಲಿ, ಕುಂಟಿ, ಈಳಗಿ. ಮಾವನವರ ಮನ್ಯಾಗ ಖರೇ ಕತ್ತಿ ಒಂದೂ ಇರಲಿಲ್ಲ. ಇದ್ದ ಕತ್ತಿ ಎಲ್ಲಾ ಆ ಚಿತ್ರದಾಗ. ಅದಕ್ಕ ಅಜ್ಜನ ಕಾಲದಿಂದ ಅವತ್ತು ಚಿತ್ರಾ ಇಳಿಸಿ, ಕುಡಗೋಲಿನ ಸಾಲಿನ್ಯಾಗ ಗ್ವಾಡಿಗೆ ಆನಿಸಿ ಇಟ್ಟು, ಗಾಜಿಗೆ ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡೀತಿದ್ರು. ವಿಭೂತಿ ಹಚ್ಚೂದು ಮನಿ ಯಜಮಾನರ ಕೆಲಸ, ಕುಂಕುಮ ಹಚ್ಚೂದು ಮುತ್ತೈದಿ ಕೆಲಸ. ನಮ್ಮ ಅತ್ತಿ ತೀರಕೊಂಡು ಹತ್ತು ವರ್ಷ ಆಗಿತ್ತು. ಅಲ್ಲಿಂದ ಮಾವನವರು ಬರೇ ವಿಭೂತಿ ಹಚ್ಚಿ ಮುಗಸತಿದ್ರು. ಕುಂಕುಮ ಹಚ್ಚಾಕ ಮನ್ಯಾಗ ಮುತ್ತೈದಿ ಇರಲಿಲ್ಲ.

ಹೆಣಮಗಳು ಒಬ್ಬಾಕಿ ಇದ್ಲು, ಆದ್ರ ಆಕಿ ಮುತ್ತೈದಿ ಅಲ್ಲ. ನನ್ನ ಗಂಡನ ಅಕ್ಕ. ಲಗ್ನ ಆಗಿ ಎರಡು ವರ್ಷಕ್ಕ ಗಂಡ ಸತ್ತು, ಹತ್ತೊಂಬತ್ತಕ್ಕ ತವರಮನಿಗೆ ಹೊಳ್ಳಿ ಬಂದಾಕಿ. ಅವ್ವ ಹ್ವಾದಮ್ಯಾಲ ಮನಿ ಕೀಲಿ ಆಕಿ ಸೊಂಟದಾಗ. ನನ್ನ ಬಾಯಾಗ ಆಕಿ ಅಕ್ಕಾರು, ಮನಸಿನ್ಯಾಗ ಏನಂತಿದ್ದೆ ಅನ್ನೂದು ಇಲ್ಲಿ ಬರಿಯೂ ಹಂಗಿಲ್ಲ. ಸಾರಿಗೆ ಉಪ್ಪು ನಾ ಹಾಕಿದ್ರ ಆಕಿ ಇನ್ನೊಂದು ಚಿಟಿಕಿ ಹಾಕಾಕಿ, ಉಪ್ಪಾಗೇತಿ ಅಂತ ಅಪ್ಪನ ಮುಂದ ನನ್ನ ಹೆಸರು ಹೇಳಾಕಿ. ನಾ ಹಚ್ಚಿದ ದೀಪದ ಬತ್ತಿ ಹೊಳ್ಳಿ ತಿರುವಿ ಹಚ್ಚಾಕಿ. ಸುಳ್ಳು ಹೇಳಾಕ್ಹತ್ತಿಲ್ಲ ನಾ.

ನಾ ಹ್ವಾದ ವರ್ಷದ ಖಂಡೇನವಮಿಗೆ ಕುಂಕುಮ ನಾ ಹಚ್ಚಬೇಕಿತ್ತು. ಆದ್ರ ಒಲಿ ಮ್ಯಾಲ ಹೋಳಿಗಿ, ನನ್ನ ಎರಡೂ ಕೈ ಕಣಕದಾಗ. ಹೊತ್ತಾತು ಅಂತ ಮಾವನವರು ರೂಢಿ ಪ್ರಕಾರ ವಿಭೂತಿ ಹಚ್ಚಿ ಪೂಜಿ ಮುಗಿಸಿ ಹೊಲಕ್ಕ ಹ್ವಾದ್ರು. ನನ್ನ ಕರೀಲೇ ಇಲ್ಲ. ಸಂಜಿಗೆ ಚಿತ್ರಾ ಹೊಳ್ಳಿ ಬಾಗಲದ ಮ್ಯಾಲ ಏರಿತು.

ಮರುದಿವಸ ಬನ್ನಿ ಕೊಡಾಕ ಊರ ಮಂದಿ ಬರತಾರ ಅಂತ ಅಕ್ಕಾರು ಫೋಟೋ ಎಲ್ಲಾ ಒರಸಾಕ ಹೇಳಿದ್ರು. "ಹಸಿ ಅರಬಿಲೆ ಒರಸು, ವಿಭೂತಿ ಕಲೆ ಒಣಗಿದ ಅರಬಿಗೆ ಹೋಗೂದಿಲ್ಲ" ಅಂತ ಅವರ ಬಾಯಿಂದನ ಬಂದ ಮಾತು. ನಾ ಸ್ಟೂಲ್ ಮ್ಯಾಲ ಹತ್ತಿದೆ. ಸ್ಟೂಲ್ ಅಕ್ಕಾರು ಹಿಡದಿದ್ರು. ಚಿತ್ರಾ ತಲಿ ಮ್ಯಾಲ, ನಾ ಕೈ ಎತ್ತಿ ಕಾಣದಂಗ ಒರಸಾಕ್ಹತ್ತಿದ್ದೆ. ಚೌಕಟ್ಟಿನ ಕೆಳಗಿನ ಪಟ್ಟಿ ಗುಂಟ ಅರಬಿ ಒತ್ತಿ ಎಳದೆ. ಕೆಂಪು ನೀರು ಸುಣ್ಣದ ಗ್ವಾಡಿ ಮ್ಯಾಲ ಇಳೀತು.

"ಬಣ್ಣಾ ಹೊಂಟತಿ. ಅಪ್ಪಾ, ಇಕಿ ಚಿತ್ರದ ಬಣ್ಣಾ ತೊಳದ್ಲು."

ಮದಲ ಬಾಯಿ ತಗದಾಕಿ ಅಕ್ಕಾರು. ಮಾವನವರು ಒಳಗಿಂದ ಓಡಿ ಬಂದ್ರು. ಚಿತ್ರಾ ಇಳಿಸಿ ಅಂಗಳದ ಬೆಳಕಿಗೆ ಹಿಡದು ನೋಡಿದ್ರ, ಸಾಹೇಬನ ಕೋಟಿನ ಕೆಂಪು ಗೆರಿ ದಾಟಿ ಬಿಳಿ ಕುದುರಿ ಹೊಟ್ಟಿ ಮ್ಯಾಲ ಇಳದಿತ್ತು. ಬಟ್ಟಿನಷ್ಟು ಉದ್ದ. "ನಿನ್ನಿ ಪೂಜಿ ಮಾಡೂ ಮುಂದ ಇದು ಇರಲಿಲ್ಲ" ಅಂದ್ರು ಮಾವನವರು. ಆ ಮನುಷ್ಯಾ ಐವತ್ತು ವರ್ಷ ಅದನ್ನ ನೋಡೇನಿ ಅಂದ್ರೂ ತನ್ನ ಮುತ್ತ್ಯಾನ ಬಿಟ್ಟು ಬ್ಯಾರೇದೇನೂ ನೋಡಿರಲಿಲ್ಲ. ಇದು ನನಗ ಅವತ್ತು ಹೊಳೀಲಿಲ್ಲ. ನನ್ನ ಕೈಯಾಗಿನ ಅರಬಿ ಕೆಂಪಾಗಿತ್ತು, ಗ್ವಾಡಿ ಕೆಂಪಾಗಿತ್ತು. ಸೀಳಿದ ಗಾಜಿನ್ಯಾಗಿಂದ ನೀರು ಒಳಗ ಹೋಗಿ ಬಣ್ಣಾ ಕರಗಿಸೇತಿ ಅಂತ ನಾನೂ ನಂಬಿದೆ. ಮಾವನವರು ಬನ್ನಿ ಕೊಡಾಕ ಬಂದ ಮಂದಿ ಮುಂದ ಅಂದ ಮಾತು ನನಗ ಇವತ್ತೂ ನೆಪ್ಪೈತಿ. "ಚಿತ್ರಾ ಕಲತಾಕಿ ಅಂತ ತಂದಿವ್ರೀ. ಇದ್ದದ್ದನ್ನ ತೊಳದಾಕಿ ಹೊಸಾದು ಏನ ತಗೀತಾಳ."

ಮಂದಿ ನಕ್ಕರು. ಅಕ್ಕಾರು ನಗಲಿಲ್ಲ, ಅದನ್ನೂ ಹೇಳಬೇಕು. ನನ್ನ ಗಂಡ ಬಾಗಲದಾಗ ನಿಂತು ಬಂದವರ ಕೈಗೆ ಬನ್ನಿ ಕೊಡಾಕ್ಹತ್ತಿದ್ದ.

ಅವತ್ತಿಂದ ಚಾಲೂ ಆತು. ಹಾಲು ಉಕ್ಕಿದ್ರ ಬಣ್ಣಾ ತೊಳದ ಕೈ. ಗಾಜಿನ ಬಳಿ ಒಡದ್ರ ಬಣ್ಣಾ ತೊಳದ ಕೈ. ದೇವರ ಜಗಲಿ ಮ್ಯಾಲಿನ ಫೋಟೋ ಮುಟ್ಟಾಕ ನನಗ ಹಕ್ಕಿಲ್ಲ. ಬಾಯಾಗ ಶರಣರ ಮಾತು, ಎಲ್ಲಾರೂ ಒಂದಽ ಅಂತ ದಿನಾ ಸಂಜಿಗೆ ಭಜನಿ, ಭಜನಿ ಮುಗದ ಮ್ಯಾಲ ಸೊಸಿ ಕೈಯಿಂದ ನೀರಿನ ತಂಬಿಗಿ ಕಸಗೊಂಡು ಬ್ಯಾರೇ ಕಡಿ ಇಡೂದು. ದೀಪಾವಳಿಗೆ ಬೆಳಗಾವಿಂದ ತಂದ ಬಣ್ಣದ ಡಬ್ಬಿ ತಗದು ಹಸಿ ಕಾಗದಾ ಹಲಗಿಗೆ ಅಂಟಿಸಿದೆ, ಬ್ರಷ್ ತೋಯಿಸಿದೆ. ತುದಿಯಿಂದ ನೀರು ಇಳಿಯೂದು ನೋಡಿದ ಕೂಡಲೇ ಗ್ವಾಡಿ ಮ್ಯಾಲಿನ ಕೆಂಪು ನೆಪ್ಪಾತು, ಬ್ರಷ್ ಕೆಳಗ ಇಟ್ಟೆ. ಕಾಗದದ ಮ್ಯಾಲ ಒಂದು ಗೆರಿ ಸುದ್ದ ಬೀಳಲಿಲ್ಲ. ಮತ್ತೆರಡು ಸಲ ನೋಡಿದೆ, ಹಂಗಽ. ಡಬ್ಬಿ ಒಯ್ದು ಅಟ್ಟದ ಮ್ಯಾಲ ಒಗದೆ. ಆಮ್ಯಾಲ ನಾವು ಬೆಳಗಾವಿ ಶಿವಬಸವ ನಗರಕ್ಕ ಮನಿ ಮಾಡಿದ್ವಿ, ನನಗ ಸಾಲ್ಯಾಗ ನೌಕರಿ ಸಿಕ್ಕಿತು. ಗಣಿತ ಕಲಿಸಿದೆ, ಸಮಾಜ ಕಲಿಸಿದೆ. ಚಿತ್ರಕಲಾ ಪಿರಿಯಡ್ ಕೊಟ್ರ ಬ್ಯಾಡ ಅಂತ ಹೆಡ್ ಮಾಸ್ತರ ಕೂಡ ಜಗಳಾ ಮಾಡತಿದ್ದೆ. ಬಾಗಲಕ್ಕ ರಂಗೋಲಿ ಹಾಕಿದ್ರೂ ಬರೇ ಬಿಳಿ.

ಮಾವನವರು ತೀರಕೊಂಡ್ರು, ಪಾರಿಶ್ವಾಡದ ಮನಿ ಮಾರಿದ್ವಿ. ಅಕ್ಕಾರು ಖಾನಾಪುರದಾಗ ಎರಡು ಖೋಲಿ ಮನಿ ಮಾಡಿಕೊಂಡು ಆ ಚಿತ್ರಾ ತಮ್ಮ ಜೋಡಿ ಒಯ್ದ್ರು. ನಾ ಬ್ಯಾಡ ಅನ್ನಲಿಲ್ಲ. ಅದು ಕಣ್ಣ ಮುಂದ ಇರದಿದ್ರ ಸಾಕಾಗಿತ್ತು.

ಹ್ವಾದ ವರ್ಷ ಸದಾಶಿವನಗರದಾಗ ಕಣ್ಣಿನ ಡಾಕ್ಟರ್ ಕಡಿ ಹೋಗಿದ್ದೆ. ನನ್ನ ಪಾಳಿಗೆ ಇನ್ನೂ ಎರಡು ತಾಸು ಇತ್ತು. ಬಾಜೂಕಿನ ಸಭಾಗೃಹದಾಗ ಹಳೇ ಯುದ್ಧದ ಚಿತ್ರಗಳ ಪ್ರದರ್ಶನ ಅಂತ ಬ್ಯಾನರ್ ಹಚ್ಚಿದ್ರು. ಒಳಗ ಫ್ಯಾನ್ ಇರತಾವ, ಕುಂದರಾಕ ಕುರ್ಚಿ ಇರತಾವ ಅಂತ ಹ್ವಾದೆ. ಮೂರನೇ ಗ್ವಾಡಿ ಮ್ಯಾಲ ನಮ್ಮ ಚಿತ್ರ ಇತ್ತು.

ಅದಽ ಸಿಪಾಯಿಗಳ ಸಾಲು, ಅದಽ ಮುರದ ಗಾಲಿ, ಅದಽ ಹಿಮದ ಗುಡ್ಡ. ಕತ್ತಿ ಎತ್ತಿದ ಮುತ್ತ್ಯಾನೂ ಇದ್ದ. ಆದ್ರ ಇಲ್ಲಿ ಸಾಹೇಬನ ಕುದುರಿ ಕಂದು ಬಣ್ಣದ್ದು, ಸಿಪಾಯಿಗಳ ಪ್ಯಾಂಟು ನೀಲಿ. ನಮ್ಮ ಚಿತ್ರದಾಗ ಅವು ಬೂದಿ ಬಣ್ಣದ್ದು. ಕೆಳಗ ಇಂಗ್ಲೀಷನ್ಯಾಗ ಯುದ್ಧದ ಹೆಸರು ಬರದಿತ್ತು, ಉತ್ತರದ ಯಾವುದೋ ನದಿ ದಂಡಿದು. ಕಿತ್ತೂರಿಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ. ನಾ ಅಲ್ಲೇ ಹತ್ತು ನಿಮಿಷ ನಿಂತೆ.

ಪ್ರದರ್ಶನ ಇಟ್ಟಾಕಿ ಮೂವತ್ತರ ಆಸುಪಾಸಿನ ಹುಡುಗಿ. ಅಜ್ಜ ಇದಽ ಊರಾಗ ಪುಸ್ತಕಕ್ಕ ಬೈಂಡ್ ಹಾಕತಿದ್ದಂತ, ಈಕಿ ದೂರ ಹೋಗಿ ಹಳೇ ಕಾಗದ ದುರಸ್ತಿ ಮಾಡೂದು ಕಲತು ಬಂದಿದ್ಲು. ಫೋನಿನ್ಯಾಗ ತಮ್ಮ ಅವ್ವನ ಕೂಡ ಉರ್ದುದಾಗ ಮಾತಾಡಿ, ನನ್ನ ಕಡಿ ಹೊಳ್ಳಿ "ಏನರೀ ಆಂಟಿ, ಭಾಳ ಹೊತ್ತಾತು ನಿಂತು" ಅಂದ್ಲು. ನಮ್ಮ ಮನ್ಯಾಗೂ ಇದರ ಒಂದು ಪ್ರತಿ ಐತಿ, ನಾ ಅದರ ಬಣ್ಣಾ ತೊಳದು ಹಾಳ ಮಾಡೀನಿ ಅಂದೆ. ಆಕಿ ನಗಲಿಲ್ಲ. ತಗೊಂಡು ಬರ್ರಿ, ನೋಡೂಣು ಅಂದ್ಲು.

ಖಾನಾಪುರಕ್ಕ ಮರುದಿವಸನ ಹ್ವಾದೆ. ಅಕ್ಕಾರಿಗೆ ಈಗ ಎಂಬತ್ತರ ಹತ್ತಿರ. ಮರಾಠಿ ಮಾತಾಡೂ ಬಾಜುಮನಿ ಹೆಂಗಸಿನ ಕೂಡ ಕಟ್ಟಿ ಮ್ಯಾಲ ಕುಂತು ಅವರಿಕಾಯಿ ಸುಲಿಯಾಕ್ಹತ್ತಿದ್ರು. ನನ್ನ ನೋಡಿ ಬಾ ಅನ್ನೂಕಿಂತ ಮದಲ ಆ ಹೆಂಗಸಿಗೆ "ಹೀಚ್ ತೀ" ಅಂದ್ರು. ಇಕೀನ ಆಕಿ ಅಂತ. ನನಗ ಮರಾಠಿ ತಿಳೀತೈತಿ ಅನ್ನೂದು ಅವರಿಗೆ ಗೊತ್ತೈತಿ, ತಿಳೀಲಿ ಅಂತನ ಅಂದದ್ದು. ಆ ಹೆಂಗಸು ನನ್ನ ಮಾರಿ ಬಿಟ್ಟು ಕೈ ನೋಡಿದ್ಲು.

"ಚಿತ್ರಾ ಒಯ್ಯಾಕ ಬಂದೇನ್ರಿ ಅಕ್ಕಾರ. ಎಂಟು ದಿನದಾಗ ತಂದು ಕೊಡತೀನಿ."

"ಮುಟ್ಟಬ್ಯಾಡ ಅದನ್ನ. ಮುಟ್ಟಿ ಏನಾಗೇತಿ ಒಮ್ಮಿ ನೋಡಿಲ್ಲೇನು?"

"ಅದಕ್ಕ ಒಯ್ಯಾಕ್ಹತ್ತೀನಿ."

ಕುರ್ಚಿ ಎಳಕೊಂಡು ಹತ್ತಿದೆ. ಅರವತ್ತು ದಾಟಿದ ಮ್ಯಾಲ ಕುರ್ಚಿ ಹತ್ತೂದು ಸುಲಭ ಅಲ್ಲ, ಆದ್ರ ಸಿಟ್ಟು ಎತ್ತಿ ನಿಂದರಿಸಿತು. ಅಕ್ಕಾರು ಕೆಳಗ ನಿಂತು ಒದರಿದ್ರು, ಕುರ್ಚಿ ಹಿಡೀಲಿಲ್ಲ. ಚಾದರದಾಗ ಸುತ್ತಿ, ಬಸ್ಸಿನ್ಯಾಗ ತೊಡಿ ಮ್ಯಾಲ ಇಟಗೊಂಡು ಬೆಳಗಾವಿಗೆ ಬಂದೆ. ಗಂಡ ಪೇಪರಿನಿಂದ ತಲಿ ಎತ್ತಿ "ಅದನ್ಯಾಕ ತಂದಿ" ಅಂದ. ದುರಸ್ತಿಗೆ ಅಂದೆ. ಹೂಂ ಅಂದು ಪುಟಾ ತಿರುವಿದ.

ಹುಡುಗಿ ನನ್ನ ಎದುರಿಗೇ ಹಿಂದಿನ ಹಲಗಿ ಬಿಚ್ಚಿ ಚಿತ್ರಾ ಹೊರಗ ತಗದ್ಲು. ಅಷ್ಟು ವರ್ಷದಾಗ ಗಾಜಿಲ್ಲದ ಆ ಚಿತ್ರಾ ನೋಡಿದ್ದು ಅದಽ ಮದಲ. ಆಕಿ ಭಿಂಗಾ, ಅಂದ್ರ ಭೂತಗನ್ನಡಿ, ಹಿಡದು ಬಾಗಿ ನೋಡಿದ್ಲು. ಆಮ್ಯಾಲ ಭಿಂಗಾ ನನ್ನ ಕೈಗೆ ಕೊಟ್ಲು.

"ಗಾಜು ಸೀಳಿದ ಎಡಮೂಲಿ ನೋಡ್ರಿ. ಇಲ್ಲಿ ಒಂದು ಕಂದು ದಂಡಿ ಕಾಣತೈತಿ, ಅಲ್ಲಿತನಕ ಅಷ್ಟ ನೀರು ಹೋಗೇತಿ. ಕುದುರಿ ಬಲಗಡಿ ಐತಿ, ಗೇಣಿಗಿಂತ ದೂರ. ಅಲ್ಲಿ ನೀರು ಮುಟ್ಟೇ ಇಲ್ಲ. ಈಗ ಕುದುರಿ ಹೊಟ್ಟಿ ನೋಡ್ರಿ."

ನೋಡಿದೆ. ಕೆಂಪಿನ ಮ್ಯಾಲ ಬಿಳಿ ಬಣ್ಣದ ಸಣ್ಣ ಸಣ್ಣ ಗೆರಿ ಇದ್ವು, ಕೂದಲದಷ್ಟು ಸಣ್ಣು. ಕಾಲ ಹ್ವಾದಂಗ ಅವು ಬೂದಿ ಬಣ್ಣಕ್ಕ ತಿರಗಿದ್ವು. ಅದರ ಮ್ಯಾಲ ಹೊಳಪಿಗಂತ ಹಚ್ಚಿದ ಅಂಟಿನ ತೆಳು ಪದರ ಇತ್ತು, ಎಲ್ಲೂ ಬಿಟ್ಟಿರಲಿಲ್ಲ. ಹುಡುಗಿ ಬಿಡಿಸಿ ಹೇಳಿದ್ಲು. ಬಣ್ಣಾ ಹಚ್ಚೂ ಮುಂದನ ಯಾರದೋ ಬ್ರಷ್ ಜಾರೇತಿ. ಜಾರಿದ್ದನ್ನ ಮುಚ್ಚಾಕ ಮ್ಯಾಲ ಬಿಳಿ ಹಚ್ಯಾರ, ಆಮ್ಯಾಲ ಅಂಟು ಹಚ್ಯಾರ. ಅಂದ್ರ ಈ ಕೆಂಪು ಚಿತ್ರಾ ಹುಟ್ಟಿದ ದಿವಸದ್ದು. ನೀವಷ್ಟ ಅಲ್ಲ, ನಿಮ್ಮ ಮಾವನವರ ಅಜ್ಜನೂ ಆಗ ಹುಟ್ಟಿರಲಿಕ್ಕಿಲ್ಲ.

ನಾ ಕುರ್ಚಿ ಮ್ಯಾಲ ಕುಂತೆ. ಯಾವುದೋ ಊರಾಗ, ಯಾವುದೋ ಮೇಜಿನ ಮುಂದ, ಕೋಟಿಗೆ ಕೆಂಪು ಹಚ್ಚೂ ಹುಡುಗಿ ಒಬ್ಬಾಕಿ ಕೈ ಜಾರಿಸಿ, ಯಾರರ ನೋಡಿದ್ರ ಏನ ಗತಿ ಅಂತ ಹೆದರಿ ಬಿಳಿ ಬಳದಿದ್ಲು. ಆಕಿಗೆ ಹತ್ತಬೇಕಾದ ಬೈಗಳ ಹಡಗ ಹತ್ತಿ ಪಾರಿಶ್ವಾಡಕ್ಕ ಬಂದು ನನಗ ಹತ್ತಿತು. ಆಕಿ ಮ್ಯಾಲ ನನಗ ಸಿಟ್ಟು ಬರಲಿಲ್ಲ. ನೋಡಿದವರ ಮ್ಯಾಲ ಬಂತು.

"ಹಂಗಾದ್ರ ಗ್ವಾಡಿ ಮ್ಯಾಲ ಇಳದ ಕೆಂಪು ಯಾವುದು?" ಅಂದೆ. ಹುಡುಗಿ ಬಿಳಿ ಕಾಗದ ಹಾಸಿ, ಚೌಕಟ್ಟಿನ ಕೆಳಗಿನ ಪಟ್ಟಿ ಸಂದ್ಯಾಗ ಸೂಜಿ ಹಾಕಿ ಕೆದರಿದ್ಲು. ಕೆಂಪು ಪುಡಿ ಉದರಿತು. ಆಕಿಗೆ ಹೇಳೂದು ಬೇಕಾಗಲಿಲ್ಲ, ನಾ ಮೂಸಿ ನೋಡಿದೆ. ಕುಂಕುಮ.

ಅತ್ತಿ ಹಚ್ಚಿದ ಹಳೇ ಕುಂಕುಮ ಇರಬೇಕು ಅಂದ್ಕೊಂಡೆ. ಯಾರದಾದ್ರೇನು, ನನ್ನ ಕೈ ಏನೂ ತೊಳದಿರಲಿಲ್ಲ. ಅವತ್ತು ನನ್ನ ಮ್ಯಾಲ ತಪ್ಪು ಹೊರಿಸಿದವರೊಳಗ ಈಗ ಉಳದಾಕಿ ಅಕ್ಕಾರು ಒಬ್ಬಾಕಿ. ಆಕಿ ಬಾಯಿಂದ ತಪ್ಪಾತು ಅನ್ನೂ ಮಾತು ಹೊಂಡಸಬೇಕು, ಅದೂ ಆ ಬಾಜುಮನ್ಯಾಕಿ ಮುಂದ. ಬಸ್ಸಿನ್ಯಾಗ ಖಾನಾಪುರ ಬರೂ ತನಕ ಆಡೂ ಮಾತೆಲ್ಲಾ ಜೋಡಿಸಿಕೊಂಡೆ.

ಮಧ್ಯಾಹ್ನದ ಹೊತ್ತು, ಅಕ್ಕಾರು ಒಬ್ಬಾಕಿನ ಇದ್ರು, ಅಕ್ಕಿ ಹಸನ ಮಾಡಾಕ್ಹತ್ತಿದ್ರು. ಬಾಜುಮನ್ಯಾಕಿ ಇಲ್ಲ ಅಂತ ನನಗ ನಿರಾಸೆ ಆತು. ಚಿತ್ರಾ ಗ್ವಾಡಿಗೆ ಆನಿಸಿ ಎಲ್ಲಾ ಹೇಳಿದೆ. ಬಿಳಿ ಗೆರಿ, ಅಂಟು, ನೀರಿನ ದಂಡಿ. ಕಡೀಕ ಕಾಗದದ ಪೊಟ್ಟಣ ಬಿಚ್ಚಿ ಅವರ ಮೊರದಾಗಿನ ಅಕ್ಕಿ ಮುಂದ ಇಟ್ಟೆ. "ನಿಮ್ಮವ್ವ ಹಚ್ಚಿದ ಕುಂಕುಮ ಇದು. ಇದರ ಸಲುವಾಗಿ ನನ್ನ ಕೈ ಹಾಳ ಮಾಡಿದ್ರಿ ನೀವು."

ಅಕ್ಕಾರು ಪುಡಿ ನೋಡಿದ್ರು. ಮುಟ್ಟಲಿಲ್ಲ.

"ನಮ್ಮವ್ವಂದಲ್ಲ. ಅವ್ವ ಹ್ವಾದಮ್ಯಾಲ ಹತ್ತು ವರ್ಷ ಅದನ್ನ ನಾ ತೊಳದೀನಿ. ಸಂದ್ಯಾಗ ಒಂದು ಕಣ ಸುದ್ದ ಇರಲಿಲ್ಲ. ಅದು ನಂದು."

ತಿಳೀಲಿಲ್ಲ ನನಗ. ಅವರು ಅಕ್ಕಿ ಆರಿಸೂದು ನಿಂದರಿಸದಽ ಹೇಳಿದ್ರು. "ನೀ ಹೋಳಿಗಿ ಮಾಡಾಕ್ಹತ್ತಿದ್ದಿ. ಅಪ್ಪ ಹೊಲಕ್ಕ ಹ್ವಾದ. ಕುಂಕುಮದ ಬಟ್ಟಲಾ ಅಲ್ಲೇ ಇತ್ತು. ಹತ್ತೊಂಬತ್ತಕ್ಕ ನನ್ನ ಹಣಿ ಒರಸಿದ್ರು, ಆಮ್ಯಾಲ ನಾ ಅದನ್ನ ಕೈಲೆ ಮುಟ್ಟಿರಲಿಲ್ಲ. ಯಾರೂ ಇಲ್ಲಂತ ಒಂದು ಹಿಡಿ ತಗೊಂಡು ಆ ಗಾಜಿಗೆ ಹಚ್ಚಿದೆ. ಎಲ್ಲಾ ಕತ್ತಿಗೂ ಹಚ್ಚಿದೆ. ಆಮ್ಯಾಲ ಹೆದರಿಕಿ ಬಂತು, ಸೆರಗಲೆ ಒರಸಿದೆ. ಸಂದ್ಯಾಗಿಂದು ಹೋಗಲಿಲ್ಲ. ಮರುದಿವಸ ನೀರು ಕೆಂಪಾಗಿ ಇಳೀತು. ಕುಂಕುಮ ಅಂದಿದ್ರ ಅಪ್ಪ ಯಾರು ಹಚ್ಚಿದ್ದು ಅಂತ ಕೇಳತಿದ್ದ. ಕೈ ಮುರೀತಿದ್ದ ನಂದು."

"ಅದಕ್ಕ ನಂದು ಮುರದ್ರಿ."

"ಹೂಂ."

ಸುಳ್ಳು ಹೇಳಿದ್ರ, ಅತ್ರ, ಕೈ ಮುಗದ್ರ ನನಗ ಅನುಕೂಲ ಆಗತಿತ್ತು. ಹೂಂ ಅಂದ್ಬಿಟ್ರು. ಮಾವನವರು ಸತ್ತು ಇಪ್ಪತ್ತು ವರ್ಷ ಆತಲ್ಲ, ಆಮ್ಯಾಲರ ಹೇಳಬಹುದಿತ್ತು ಅಂದೆ. ನನ್ನ ದನಿ ಏರಿತ್ತು, ಬಾಜುಮನಿಗೂ ಕೇಳಿರಬೇಕು.

"ನೀ ಬಣ್ಣದ ಡಬ್ಬಿ ಅಟ್ಟಕ್ಕ ಒಗದ ದಿವಸ ನಾ ನೋಡಿದೆ. ನನ್ನ ಗತೀನ ಮಾಡಿಟ್ಟೆ ನಾ ಇಕಿದೂ ಅನ್ನಿಸಿತು. ಅವತ್ತು ರಾತ್ರಿ ಹೇಳಬೇಕಂತ ನಿಮ್ಮ ಖೋಲಿ ಬಾಗಲತನಕ ಬಂದಿದ್ದೆ. ಬಾಗಲಾ ಹಾಕಿತ್ತು. ಹೊಳ್ಳಿ ಹ್ವಾದೆ. ಅವತ್ತು ಹೇಳಲಾರದ್ದು ಮುಂದ ಹೇಳಾಕ ಆಗಲಿಲ್ಲ."

"ಬಡೀಬೇಕಿತ್ತು ಬಾಗಲಾ."

"ಬಡೀಬೇಕಿತ್ತು."

ನನಗ ಅವರ ಮ್ಯಾಲ ಕನಿಕರ ಬಂತು, ಇಲ್ಲಂತ ಅನ್ನೂದಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ ಹಣಿ ಒರಸಿದವರ ಮ್ಯಾಲ ಕೆಟ್ಟ ಸಿಟ್ಟು ಬಂತು. ಆದ್ರ ಮಾಫ ಮಾಡಾಕ ಮನಸ್ಸು ಒಪ್ಪಲಿಲ್ಲ. ಚಾ ಮಾಡತೀನಿ ಕುಂದರು ಅಂದ್ರು. ಬ್ಯಾಡ್ರಿ ಅಂದು ಹೊಂಟು ಬಂದೆ. ಚಿತ್ರಾ ಮೊಳಿಗೆ ತೂಗ ಹಾಕಿ ಕೊಡಲಿಲ್ಲ.

ಮನಿಗೆ ಬಂದು ಗಂಡನ ಎದುರಿಗೆ ಕುರ್ಚಿ ಹಾಕೊಂಡು ಕುಂತು, ಒಂದೂ ಬಿಡದಂಗ ಹೇಳಿದೆ. ಪೇಪರ್ ಮಡಚಿ ಕೇಳಿದ. ಅಕ್ಕನ ಕುಂಕುಮದ ಮಾತಿಗೆ ಅವನ ಕಣ್ಣಾಗ ನೀರು ಬಂದ್ವು, ಪಾಪ ಅಕ್ಕ ಅಂದ. ನಾ ಇನ್ನೂ ಕುಂತಿದ್ದೆ. ಆಮ್ಯಾಲ ಏನೋ ಲೆಕ್ಕ ಸಿಗಲಾರದಂಗ ಹುಬ್ಬು ಗಂಟು ಹಾಕಿದ.

"ಅಂದ್ರ ನೀ ಚಿತ್ರಾ ತಗಿಯೂದು ಬಿಟ್ಟಿದ್ದು ಅದರ ಸಲುವಾಗೇನು?"

"ಮತ್ಯಾತರ ಸಲುವಾಗಿ?"

"ನಿನಗ ಬ್ಯಾಸರ ಬಂದಿರಬೇಕು ಅಂದ್ಕೊಂಡಿದ್ದೆ. ಲಗ್ನ ಆದಮ್ಯಾಲ ಹೆಣಮಕ್ಕಳದು ಇಂಥಾ ಹವ್ಯಾಸ ಹೋಗತಾವಲ್ಲ."

ಅಷ್ಟಂದು ಚಾ ಇಡತೀಯೇನು ಅಂತ ಕೇಳಿದ. ನಾ ಏಳಲಿಲ್ಲ. ಖಾನಾಪುರದಾಕಿಗೆ ನನ್ನಿಂದ ಏನ ಕಸಗೊಂಡೀನಿ ಅನ್ನೂದರ ಗೊತ್ತಿತ್ತು, ಒಂದು ರಾತ್ರಿ ಬಾಗಲತನಕ ಬಂದು ನಿಂತು ಹೊಳ್ಳಿ ಹೋಗಿದ್ಲು. ಈ ಮನುಷ್ಯಾ ಬಾಗಲದ ಒಳಗ ಇದ್ದ. ನನ್ನ ಬಾಜೂಕ ನಲವತ್ತು ವರ್ಷ ಮಲಗಿದ್ದ, ಯಾಕ ಬಿಟ್ಟಿ ಅಂತ ಒಂದು ಸಲ ಕೇಳಿರಲಿಲ್ಲ.